ನೀರಿನಿಂದೆದ್ದ ಅರಸನೂ ‘ಚರಿತ್ರೆಯಿಲ್ಲದ’ ನಾಡೂ

ಒಂದು ಜನಾಂಗದ ನೆಲವನ್ನು ಕಸಿದುಕೊಳ್ಳುವುದು ಒಂದು ಅನ್ಯಾಯ. ಅದಕ್ಕೆ ನೆನಪೇ ಇಲ್ಲವೆಂದು ಸಾರುವುದು ಮತ್ತೊಂದು. ಮೊದಲನೆಯ ಅನ್ಯಾಯವನ್ನು ಗೈದವರು ಎಂದಾದರೊಂದು ದಿನ ಗಂಟುಮೂಟೆ ಕಟ್ಟಿಕೊಂಡು ಹೊರಡಲೇಬೇಕು. ಎರಡನೆಯದನ್ನು ಗೈದವರಾದರೋ ಹೊರಟುಹೋದ ಮೇಲೂ ಅವರ ಮಾತು ಪಾಠಪುಸ್ತಕಗಳಲ್ಲಿ ನೆಲಸಿ, ಅನ್ಯಾಯಕ್ಕೊಳಗಾದವರ ಮಕ್ಕಳಿಂದಲೇ ಬಾಯಿಪಾಠ ಮಾಡಿಸಿಕೊಳ್ಳುತ್ತದೆ. ಆಫ್ರಿಕಾ ಖಂಡವು ಈ ಎರಡು ಅನ್ಯಾಯಗಳನ್ನೂ ಉಂಡಿದೆ. ಮೊದಲನೆಯದು ಬಹುಮಟ್ಟಿಗೆ ಕಳೆಯಿತು; ಎರಡನೆಯದು ಇನ್ನೂ ಕಳೆದಿಲ್ಲ.

ಜರ್ಮನಿಯ ತತ್ತ್ವಜ್ಞಾನಿಯಾದ ಹೆಗೆಲನು ಬರ್ಲಿನ್ ನಗರದಲ್ಲಿ ನೀಡಿದ ಉಪನ್ಯಾಸಗಳು ಆತನು ತೀರಿಕೊಂಡ ಬಳಿಕ 1837ರಲ್ಲಿ ಅಚ್ಚಾದುವು. ಆಫ್ರಿಕವು ಲೋಕಚರಿತ್ರೆಯ ಭಾಗವೇ ಅಲ್ಲವೆಂದೂ ಅಲ್ಲಿ ಚಲನೆಯಾಗಲಿ ಬೆಳವಣಿಗೆಯಾಗಲಿ ಕಾಣದೆಂದೂ ಅವುಗಳಲ್ಲಿ ತೀರ್ಪುಕೊಟ್ಟಿದೆ. ಆ ಖಂಡದಲ್ಲಿ ಕಾಲಿಟ್ಟವನಲ್ಲದ ಪಂಡಿತನ ತೀರ್ಪು ಇದು. ಭಾರತೀಯರಿಗೂ ಚರಿತ್ರೆಯೆಂಬುದಿಲ್ಲವೆಂದು ಅದೇ ಉಪನ್ಯಾಸಗಳು ಹೇಳಿರುವುದನ್ನು ನೆನೆದರೆ, ಆ ತೀರ್ಪಿನ ತೂಕವೆಷ್ಟೆಂಬುದು ವಾಚಕರಿಗೆ ತಾನೇ ಹೊಳೆಯುವುದು. ನೂರಿಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1963ರಲ್ಲಿ, ಆಕ್ಸ್‌ಫರ್ಡಿನ ಚರಿತ್ರೆಯ ಆಚಾರ್ಯ ಹ್ಯೂ ಟ್ರೆವರ್-ರೋಪರನು ಅದೇ ರಾಗವನ್ನು ಮತ್ತೆ ಹಾಡಿದನು. ಆಫ್ರಿಕದಲ್ಲಿ ಐರೋಪ್ಯರು ನಡೆಸಿದ ವ್ಯವಹಾರಗಳಿಗೆ ಮಾತ್ರ ಚರಿತ್ರೆಯುಂಟು, ಉಳಿದುದೆಲ್ಲವೂ ಕತ್ತಲೆ, ಕತ್ತಲೆಯು ಚರಿತ್ರೆಗೆ ವಿಷಯವಾಗಲಾರದು, ಎಂಬುದು ಆತನ ವಾದ. ಅದೇ 1963ರಲ್ಲಿ ಆಡಿಸ್ ಅಬಾಬಾ ನಗರದಲ್ಲಿ ಆ ಖಂಡದ 32 ಸ್ವತಂತ್ರ ರಾಷ್ಟ್ರಗಳು ಕೂಡಿ ತಮ್ಮ ಐಕ್ಯಸಂಸ್ಥೆಯನ್ನು ಕಟ್ಟಿಕೊಂಡುವು. ಕತ್ತಲೆಯೊಳಗಿಂದ 32 ರಾಷ್ಟ್ರಗಳು ಹೇಗೆ ಎದ್ದುಬಂದುವೆಂಬುದನ್ನು ಆಚಾರ್ಯನು ವಿವರಿಸಲಿಲ್ಲ.

ಇಂಥ ವಾದವನ್ನು ಸಾಮಾನ್ಯವಾದ ಮಾತುಗಳಿಂದ ಖಂಡಿಸಿದರೆ ಪ್ರಯೋಜನವಿಲ್ಲ. ಒಂದು ನಾಡನ್ನೂ ಒಬ್ಬ ಅರಸನನ್ನೂ ಆರಿಸಿಕೊಂಡು ಪರೀಕ್ಷಿಸಿ ನೋಡಬೇಕು. ಅದಕ್ಕೆ ತಕ್ಕ ಉದಾಹರಣೆ ಪಶ್ಚಿಮ ಆಫ್ರಿಕದ ಜೋಲೋಫ್ ಸಾಮ್ರಾಜ್ಯ. ಅದರ ಮೂಲಪುರುಷನೆಂದು ವೊಲೋಫ್ ಜನರು ಎಣಿಸುವ ನ್ಜಾಜಾನ್ ನ್ಜಾಯ್. ಬರವಣಿಗೆಯ ಸಾಕ್ಷ್ಯ ಅತ್ಯಲ್ಪವಾಗಿಯೂ ಬಾಯಿಮಾತಿನ ಸಾಕ್ಷ್ಯ ಅತಿ ಸಮೃದ್ಧವಾಗಿಯೂ ಇರುವ ಅರಸನೀತ. ಇವನ ವಿಷಯದಲ್ಲಿ ನಿಲ್ಲದ ವಾದವು ಆ ಖಂಡದ ವಿಷಯದಲ್ಲಿಯೂ ನಿಲ್ಲದು.

ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಪಡುಗಡಲಿಗೆ ಬಂದು ಬೀಳುವ ನದಿ ಸೆನೆಗಾಲ್. ಅದಕ್ಕೂ ದಕ್ಷಿಣದಲ್ಲಿ ಗಾಂಬಿಯಾ. ಈ ಎರಡು ಹೊಳೆಗಳ ನಡುವಣ ಬಯಲು ಸೀಮೆಯೇ ವೊಲೋಫರ ನಾಡು. ನದೀಮುಖದಲ್ಲಿ ವಾಲೋ, ಕಡಲ ತೀರದಲ್ಲಿ ಕಯೋರ್ ಮತ್ತು ಬವೋಲ್, ಅವುಗಳ ತೆಂಕಣಕ್ಕೆ ಸೆರೇರ್ ಜನರು ಹೆಚ್ಚಾಗಿರುವ ಸೀನ್ ಮತ್ತು ಸಾಲುಮ್, ಒಳನಾಡಿನ ಒಣಭೂಮಿಯಲ್ಲಿ ಜೋಲೋಫ್. ಒಂದೊಂದು ನಾಡಿಗೂ ಒಬ್ಬೊಬ್ಬ ಅರಸ. ವಾಲೋ ನಾಡಿನ ಅರಸನಿಗೆ ಬ್ರಾಕ್ ಎಂದೂ ಕಯೋರಿನವನಿಗೆ ದಾಮೆಲ್ ಎಂದೂ ಬಿರುದು. ಇವರೆಲ್ಲರ ಮೇಲೆ ಜೋಲೋಫಿನ ದೊರೆಯಾದ ಬೂರ್ಬಾ. ಹದಿನೈದನೆಯ ಶತಮಾನದ ನಡುವೆ ಐರೋಪ್ಯ ನಾವಿಕರು ಆ ತೀರವನ್ನು ಮುಟ್ಟಿದಾಗ ಈ ಒಕ್ಕೂಟವು ಬಾಳುತ್ತಲಿತ್ತು. ಅದು ಕಟ್ಟಲ್ಪಟ್ಟುದು ಹದಿಮೂರನೆಯ ಶತಮಾನದಲ್ಲಿ ಎಂದು ಕೆಲವರೂ ಹದಿನಾಲ್ಕನೆಯದರಲ್ಲಿ ಎಂದು ಕೆಲವರೂ ಎಣಿಸುತ್ತಾರೆ.

ಇನ್ನು ಕಥೆ. ವೊಲೋಫರ ಹಿರಿಯರು ಹೇಳಿಕೊಂಡು ಬಂದುದು ಹೀಗೆ: ಮರುಭೂಮಿಯ ಮುಸಲ್ಮಾನ ವೀರನಾದ ಅಬೂ ಬಕ್ರನು ಸೆನೆಗಾಲ್ ನದಿಯ ದಂಡೆಯ ತೋರೋ ನಾಡಿಗೆ ಬಂದು, ಅಲ್ಲಿಯ ಅರಸನ ಮಗಳಾದ ಫಾತುಮಾತಾ ಸಾಲ್ ಎಂಬವಳನ್ನು ಮದುವೆಯಾದನು. ಅವರ ಮಗನಿಗೆ ಅಹ್ಮದು ಎಂದು ಹೆಸರು. ತಂದೆಯು ಕಾಳಗದಲ್ಲಿ ಬಾಣ ತಗುಲಿ ಮಡಿದನು. ತಾಯಿಯು ಗಂಡನ ಪರಿಜನರಲ್ಲೊಬ್ಬನನ್ನು ಕೈಹಿಡಿದಳು. ಮಗನಿಗೆ ಅದು ಸಹಿಸಲಾಗದ ಅವಮಾನವಾಯಿತು. ಆತನು ಹೊಳೆಗೆ ಹಾರಿದನು, ಸಾಯಲಿಲ್ಲ, ನೀರಿನಲ್ಲಿಯೇ ವಾಸಿಸುತ್ತ ನದಿಯ ಹರಿವಿನೊಡನೆ ಕೆಳಗಿಳಿದು ವಾಲೋ ನಾಡನ್ನು ಸೇರಿದನು.

ಅಲ್ಲೊಂದು ಕೆರೆಯ ದಂಡೆಯಲ್ಲಿ ಹಳ್ಳಿಹಳ್ಳಿಯವರು ಕೂಡಿ ಸೌದೆಯನ್ನು ಒಟ್ಟುಮಾಡಿದ್ದರು. ಮೀನು ಹಿಡಿದಿದ್ದರೆಂದು ಬೇರೆ ಪಾಠ. ಹಂಚುವಾಗ ಜಗಳ ಹತ್ತಿತು. ನೆತ್ತರು ಹರಿಯುವ ಗಳಿಗೆಯಲ್ಲಿ ನೀರಿನಿಂದ ಒಬ್ಬ ಅಪರಿಚಿತನು ಎದ್ದುಬಂದನು. ಮಾತಾಡಲಿಲ್ಲ. ಇದ್ದುದನ್ನು ಎಲ್ಲರಿಗೂ ಸಮನಾಗಿ ಹಂಚಿ ಮತ್ತೆ ನೀರಿನಲ್ಲಿ ಮುಳುಗಿದನು. ಜನರು ಬೆರಗಾಗಿ ನಿಂತರು. ಬಳಿಕ ಒಂದು ಉಪಾಯ ಹೂಡಿದರು. ಮತ್ತೊಮ್ಮೆ ಸುಳ್ಳುಜಗಳವನ್ನು ಹಚ್ಚಿದರು. ಹಂಚಿಕೊಡಲು ಆತನು ಮತ್ತೆ ಬಂದನು, ಹಿಡಿದುಕೊಂಡರು. ಹಿಡಿದವನು ಬಾಯಿ ಬಿಡಲೊಲ್ಲನು. ಕೆಲವು ಪಾಠಗಳಲ್ಲಿ, ಒಬ್ಬ ಹೆಂಗಸು ಅವನೆದುರಿಗೆ ಎರಡೇ ಕಲ್ಲುಗಳನ್ನು ಹೂಡಿ ಅವುಗಳ ಮೇಲೆ ಅಡಿಗೆಯ ಗಡಿಗೆಯನ್ನಿಡಲು ಹೆಣಗುತ್ತಾಳೆ; ಗಡಿಗೆ ಉರುಳುತ್ತದೆ, ಮತ್ತೆ ಇಡುತ್ತಾಳೆ, ಮತ್ತೆ ಉರುಳುತ್ತದೆ. ಕೊನೆಗೆ ಆತನಿಗೆ ತಡೆಯಲಾಗದೆ, ಮೂರು ಕಲ್ಲು ಬೇಕೆಂದು ತನ್ನ ತಾಯ್ನುಡಿಯಲ್ಲಿ ಹೇಳಿಬಿಡುತ್ತಾನೆ. ಒಲೆಯ ಮುಂದೆ ಮೌನ ಮುರಿಯಿತು. ಕನ್ಯೆಯನ್ನು ಕೊಟ್ಟು ಮದುವೆ ಮಾಡಿ ಜನರು ಅವನನ್ನು ತಮ್ಮ ಅರಸನನ್ನಾಗಿ ಮಾಡಿಕೊಂಡರು. ಸೀನ್ ನಾಡಿನ ಅರಸನೂ ಮಂತ್ರಬಲದಲ್ಲಿ ಹೆಸರಾದವನೂ ಆದ ಮೈಸಾ ವಾಲಿಯು ಈ ಸುದ್ದಿಯನ್ನು ಕೇಳಿ, ಅಚ್ಚರಿಯಿಂದ ತನ್ನ ಸೆರೇರ್ ನುಡಿಯಲ್ಲಿ ‘ನ್ಜಾಜಾನ್ ನ್ಜಾಯ್!’ ಎಂದು ಉದ್ಗರಿಸಿದನಂತೆ. ಆ ಉದ್ಗಾರವೇ ಹೆಸರಾಯಿತು. ಎರಡು ಹೊಳೆಗಳ ನಡುವಣ ಅರಸರೆಲ್ಲರೂ ಅವನನ್ನು ಹಿರಿಯನೆಂದು ಒಪ್ಪಿಕೊಳ್ಳುವುದು ಲೇಸೆಂದು ಸಲಹೆಯನ್ನಿತ್ತವನೂ ಮೈಸಾ ವಾಲಿಯೇ. ಅರಸರು ಒಪ್ಪಿದರು. ಬಳಿಕ ನ್ಜಾಜಾನನು ಜೋಲೋಫಿಗೆ ಹೋಗಿ ಬೂರ್ಬಾ ಆದನು. ವಾಲೋ ನಾಡು ಅವನ ತಾಯಿಯ ಮಗನಾದ ಬಾರ್ಕಾ ಎಂಬವನಿಗೆ ಉಳಿಯಿತು.

ಈ ಕಥೆಯನ್ನು ಕೇಳಿದೊಡನೆ ಮೂರು ಪಕ್ಷಗಳು ತಲೆಯೆತ್ತುತ್ತವೆ. ‘ಇದು ಅಜ್ಜಿಕಥೆ, ಇದರಲ್ಲಿ ಚರಿತ್ರೆಯೆಲ್ಲಿ?’ ಎಂಬುದು ಮೊದಲನೆಯದು. ‘ಚರಿತ್ರೆಯುಂಟು, ಆದರೆ ಅರಸನು ಹೊರಗಿನವನು, ರಾಜ್ಯವನ್ನು ಕಟ್ಟುವ ವಿದ್ಯೆ ಹೊರಗಿಂದ ಬಂದುದು’ ಎಂಬುದು ಎರಡನೆಯದು. ‘ಇದರ ಅಕ್ಷರ ಅಕ್ಷರವೂ ದಿಟ’ ಎಂಬುದು ಮೂರನೆಯದು. ಈ ಮೂರೂ ಸಲ್ಲವು.

ಮೊದಲನೆಯ ಪಕ್ಷವನ್ನು ನೋಡುವ. ಮನುಷ್ಯನು ನೀರಿನಲ್ಲಿ ವಾಸಿಸಲಾರನು, ನಿಜ. ಅದನ್ನು ಕಂಡುಹಿಡಿಯುವುದಕ್ಕೆ ಆಕ್ಸ್‌ಫರ್ಡಿನ ಪದವಿ ಬೇಕಾಗಿಲ್ಲ. ವಾಲೋ ನಾಡಿನ ಬೆಸ್ತರಿಗೂ ಅದು ಗೊತ್ತಿತ್ತು. ರೋಮ್ ನಗರವನ್ನು ಕಟ್ಟಿದವರು ತೋಳದ ಹಾಲು ಕುಡಿದು ಬೆಳೆದರೆಂಬ ಕಥೆಯನ್ನು ಇಟ್ಟುಕೊಂಡೇ ರೋಮಿನ ಚರಿತ್ರೆಯನ್ನು ಬರೆದರು. ತೋಳದ ದೆಸೆಯಿಂದ ರೋಮಿಗೆ ಚರಿತ್ರೆಯಿಲ್ಲವೆಂದು ಯಾರೂ ಹೇಳಲಿಲ್ಲ. ಸೆನೆಗಾಲ್ ನದಿಯ ಕಥೆಗೆ ಮಾತ್ರ ಬೇರೆ ತಕ್ಕಡಿ ಏಕೆ? ಮೂಲಪುರುಷನ ಸುತ್ತ ಅದ್ಭುತವು ಹಬ್ಬುವುದು ಎಲ್ಲ ನಾಡುಗಳ ವಾಡಿಕೆ. ಅದ್ಭುತವನ್ನು ಸರಿಸಿದ ಮೇಲೆ ಏನು ಉಳಿಯುವುದು, ಉಳಿದುದು ಬೇರೆ ಸಾಕ್ಷ್ಯಗಳೊಡನೆ ಹೊಂದುವುದೋ ಇಲ್ಲವೋ ಎಂಬುದನ್ನು ವಿಚಾರಿಸುವುದು ಚರಿತ್ರಕಾರನ ಕೆಲಸ.

ಉಳಿಯುವುದು ಬಹಳ. ಬೇರೆಬೇರೆ ಅರಸರುಳ್ಳ ನಾಡುಗಳು ಒಬ್ಬನ ಹಿರಿತನವನ್ನು ಒಪ್ಪಿದುವು. ಒಪ್ಪಿದ ಮೇಲೂ ತಮ್ಮ ಅರಸರನ್ನು ಉಳಿಸಿಕೊಂಡುವು. ಹಿರಿಯನನ್ನು ಪ್ರಜೆಗಳೂ ಸಾಮಂತರೂ ಆರಿಸಿಕೊಂಡರು. ಇದು ಕಥೆಯ ತಿರುಳು. ವೆನಿಸ್ ನಗರದ ವರ್ತಕನಾದ ಅಲ್ವಿಸೆ ಕಾದಾಮೊಸ್ತೋ 1455ರಲ್ಲಿ ಈ ತೀರಕ್ಕೆ ಬಂದು ತಾನು ಕಂಡುಕೇಳಿದುದನ್ನು ಬರೆದಿಟ್ಟನು. ಸೆನೆಗಾಲಿನ ಅರಸುತನವು ತಂದೆಯಿಂದ ಮಗನಿಗೆ ನೇರವಾಗಿ ಸಲ್ಲುವ ಸೊತ್ತಲ್ಲವೆಂದೂ, ಮೂವರು ನಾಲ್ವರು ಪ್ರಭುಗಳು ಕೂಡಿ ತಮಗೆ ಒಪ್ಪಿದವನನ್ನು ನಿಲ್ಲಿಸುವರೆಂದೂ, ಒಪ್ಪದಾದಾಗ ಇಳಿಸುವರೆಂದೂ ಆತನ ಬರಹದಲ್ಲಿದೆ. ಆ ಪ್ರವಾಸಿಯ ಗ್ರಂಥದಲ್ಲಿ ನ್ಜಾಜಾನನ ಹೆಸರಿಲ್ಲ, ಕೆರೆಯ ಕಥೆಯಿಲ್ಲ. ವೊಲೋಫರ ಗಾಯಕರು ಆತನ ಗ್ರಂಥವನ್ನು ಓದಿದವರಲ್ಲ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದರೆ ನ್ಯಾಯಾಸ್ಥಾನವು ಅದನ್ನು ತಳ್ಳಿಹಾಕುವುದಿಲ್ಲ. ವಾಲೋ ನಾಡಿನಲ್ಲಿ ಬ್ರಾಕನನ್ನು ಆರಿಸುವ ಸಭೆಯೊಂದು ಬಹುಕಾಲ ನಡೆದುಬಂದಿತು. ಜೋಗೋಮಾಯ್, ಜೌದಿನ್, ಮಾಲೋ ಎಂಬ ಮೂವರು ಅಧಿಕಾರಿಗಳು ಅದರ ಮುಖ್ಯರು. ಮೊದಲನೆಯವನಿಗೆ ನೀರಿನ ಒಡೆತನ, ಎರಡನೆಯವನಿಗೆ ನೆಲದ ಒಡೆತನ, ಮೂರನೆಯವನಿಗೆ ಬೊಕ್ಕಸ. ಬೂಬಕಾರ್ ಬಾರಿ ಎಂಬ ಆಫ್ರಿಕದ ಚರಿತ್ರಕಾರನು 1972ರಲ್ಲಿ ಪ್ರಕಟಿಸಿದ ವಾಲೋ ರಾಜ್ಯದ ಚರಿತ್ರೆಯಲ್ಲಿ ಈ ವ್ಯವಸ್ಥೆಯನ್ನು ವಿಸ್ತಾರವಾಗಿ ವಿವರಿಸಿದ್ದಾನೆ. ಅಜ್ಜಿಕಥೆಯೊಂದು ಶತಮಾನಗಳ ಕಾಲ ರಾಜ್ಯಾಂಗವಾಗಿ ನಡೆಯಿತೆಂದು ವಾದಿಸುವವರು, ಅಜ್ಜಿಗೆ ಹೆಚ್ಚಿನ ಗೌರವವನ್ನೇ ಸಲ್ಲಿಸಿದಂತಾಯಿತು.

‘ಬಾಯಿಮಾತು ಮಾರುಮಾರಿಗೆ ಬದಲಾಗುವುದು’ ಎಂಬ ಆಕ್ಷೇಪವೊಂದುಂಟು. ಬದಲಾಗುವುದು, ನಿಜ. ಬರವಣಿಗೆಯು ಬದಲಾಗುವುದಿಲ್ಲವೇ? ಪ್ರತಿಕಾರನ ಕೈತಪ್ಪು, ಆಸ್ಥಾನಕವಿಯ ಮುಖಸ್ತುತಿ, ಗೆದ್ದವನ ಶಾಸನದ ಉತ್ಪ್ರೇಕ್ಷೆ ಇವೆಲ್ಲವೂ ಬರೆದ ಸಾಕ್ಷ್ಯದ ರೋಗಗಳೇ. ವೊಲೋಫರಲ್ಲಿ ವಂಶಾವಳಿಗಳನ್ನೂ ಪೂರ್ವಿಕರ ಕೃತ್ಯಗಳನ್ನೂ ನೆನಪಿನಲ್ಲಿಟ್ಟು ಹಾಡುವುದಕ್ಕೆ ಗೆವೆಲ್ ಎಂಬ ಕುಲವೇ ಉಂಟು. ತಂದೆಯಿಂದ ಮಗನು ಕಲಿತು ಸಭೆಯಲ್ಲಿ ಹಾಡಬೇಕು. ಆ ಸಭೆಯಲ್ಲಿ ಎದುರಾಳಿ ಮನೆತನದವರೂ ಕುಳಿತಿರುವರು. ಅವರ ಗಾಯಕರೂ ಕುಳಿತಿರುವರು. ಸಿಂಹಾಸನದ ಹಕ್ಕು ವಂಶಾವಳಿಯ ಮೇಲೆ ನಿಂತಿರುವ ಕಡೆ, ಒಂದು ಹೆಸರನ್ನು ಕದ್ದು ಸೇರಿಸಿದರೆ ಎದ್ದು ನಿಂತು ಕೇಳುವವರು ಇದ್ದೇ ಇರುವರು. ಬೆಲ್ಜಿಯಮ್ಮಿನ ಯಾನ್ ವಾನ್ಸಿನಾ 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಾಯಿಮಾತಿನ ಸಾಕ್ಷ್ಯವನ್ನು ಪರೀಕ್ಷಿಸುವ ಕ್ರಮವನ್ನು ಶಾಸ್ತ್ರವಾಗಿಯೇ ನಿರೂಪಿಸಿದನು. ಹೇಳಿದವನು ಯಾರು, ಯಾರೆದುರಿಗೆ ಹೇಳಿದನು, ಹೇಳಿದುದರಿಂದ ಯಾರಿಗೆ ಲಾಭ, ಬೇರೆ ಪಾಠಗಳು ಎಲ್ಲಿ ಅಗಲುತ್ತವೆ ಎಂದು ಕೇಳುತ್ತ ಹೋಗಬೇಕು. ತಾಳೆಯೋಲೆಯನ್ನು ಓದುವವನೂ ಕೇಳಬೇಕಾದ ಪ್ರಶ್ನೆಗಳು ಇವೇ. 1963ರಲ್ಲಿ ಕತ್ತಲೆಯೆಂದವನಿಗೆ ಎರಡು ವರ್ಷ ಮೊದಲೇ ದೀಪವೊಂದು ಹೊತ್ತಿಕೊಂಡಿತ್ತು. ನೋಡುವ ಮನಸ್ಸು ಇರಲಿಲ್ಲ.

ಎರಡನೆಯ ಪಕ್ಷವು ಹೆಚ್ಚು ನಯವಾದುದು; ಆದುದರಿಂದಲೇ ಹೆಚ್ಚು ಅಪಾಯಕರವಾದುದು. ‘ಅರಸನ ತಂದೆ ಮರುಭೂಮಿಯ ಬಿಳಿಯ ಜನಾಂಗದವನೆಂದು ಕಥೆಯೇ ಹೇಳುತ್ತದೆಯಲ್ಲ, ಕರಿಯರು ತಾವಾಗಿ ರಾಜ್ಯ ಕಟ್ಟಲಾರರೆಂಬುದಕ್ಕೆ ಇನ್ನೇನು ಬೇಕು?’ ಎಂದು ಇವರು ಮುಗುಳ್ನಗುತ್ತಾರೆ. ಆಫ್ರಿಕದಲ್ಲಿ ಎಲ್ಲೆಲ್ಲಿ ರಾಜ್ಯವೋ ಶಿಲ್ಪವೋ ಕಂಡಿತೋ ಅಲ್ಲೆಲ್ಲ ಉತ್ತರದಿಂದ ಬಂದ ಹಾಮ್ ವಂಶದವರ ಕೈವಾಡವನ್ನು ಕಾಣುವುದು ವಸಾಹತು ಯುಗದ ಪಂಡಿತರ ಚಾಳಿ. 1930ರಲ್ಲಿ ಲಂಡನ್ನಿನ ಸೆಲಿಗ್‌ಮನ್ನನು ಆಫ್ರಿಕದ ಜನಾಂಗಗಳ ಮೇಲೆ ಬರೆದ ಪುಸ್ತಕವು ಈ ಮತಕ್ಕೆ ಶಾಸ್ತ್ರದ ಉಡುಪನ್ನು ತೊಡಿಸಿತು. ಪರದೇಶಿಯೊಬ್ಬನು ಬಂದು ಆಳಿದರೇನೇ ಆ ಜನಕ್ಕೆ ಏಳಿಗೆಯೆಂದು ಹಿಂದೆ ನಡೆದುದನ್ನು ತೋರಿಸಿಬಿಟ್ಟರೆ, ಇಂದಿನ ಪರದೇಶಿಯ ಆಳ್ವಿಕೆಯೂ ಸಮರ್ಥಿಸಲ್ಪಟ್ಟಂತಾಯಿತಷ್ಟೆ! ಈ ಮತದ ಬೆಲೆಯೆಲ್ಲ ಅಲ್ಲಿದೆ.

ಕಾಲವನ್ನು ಎಣಿಸಿ ನೋಡಿದರೆ ಇದು ಒಂದು ಗಳಿಗೆಯೂ ನಿಲ್ಲದು. ಮುರಾಬಿತ ಪಂಗಡದ ನಾಯಕನಾದ ಅಬೂ ಬಕ್ರ್ ಇಬ್ನ್ ಉಮರನು ಚರಿತ್ರೆಗೆ ಚೆನ್ನಾಗಿ ತಿಳಿದವನು. ಆತನು 1087ರಲ್ಲಿ ತೀರಿಕೊಂಡನು. ಜೋಲೋಫಿನ ಹುಟ್ಟನ್ನು ಎಷ್ಟು ಹಿಂದಕ್ಕೆ ಒಯ್ದರೂ ಹದಿಮೂರನೆಯ ಶತಮಾನದ ಆಚೆಗೆ ಸುಲಭವಾಗಿ ಒಯ್ಯಲಾಗದು. ತಂದೆ ಸತ್ತು ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ರಾಜ್ಯ ಕಟ್ಟಿದ ಮಗನನ್ನು ನಂಬುವುದಾದರೆ, ನೀರಿನಲ್ಲಿ ಬಾಳಿದ ಮನುಷ್ಯನನ್ನು ನಂಬುವುದಕ್ಕೇನು ಅಡ್ಡಿ? ಅಜ್ಜಿಕಥೆಯನ್ನು ಹೀಯಾಳಿಸಿದ ಪಂಡಿತರೇ ಅದರಲ್ಲಿ ತಮಗೆ ಬೇಕಾದ ತಂದೆಯೊಬ್ಬನನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಎಸೆದರು. ಇದು ಪರೀಕ್ಷೆಯಲ್ಲ, ಕಳ್ಳತನ.

ಹಾಗಾದರೆ ಆ ತಂದೆಯ ಹೆಸರು ಕಥೆಯೊಳಗೆ ಹೇಗೆ ಬಂದಿತು? ಕಾದಾಮೊಸ್ತೋ ಬಂದ ಕಾಲಕ್ಕಾಗಲೇ ವೊಲೋಫ್ ಪ್ರಭುಗಳ ಬಳಿಯಲ್ಲಿ ಮುಸಲ್ಮಾನ ವಿದ್ವಾಂಸರಿದ್ದರು. ಧರ್ಮವು ಬೇರೂರುತ್ತ ಬಂದಂತೆ ರಾಜವಂಶಕ್ಕೆ ಧರ್ಮವೀರನೊಬ್ಬನು ಮೂಲಪುರುಷನಾಗಿರುವುದು ಗೌರವವೆನಿಸಿತು. ಸೂರ್ಯಚಂದ್ರರಿಂದ ವಂಶವನ್ನು ಎಣಿಸಿಕೊಂಡ ಅರಸರನ್ನು ಬಲ್ಲ ವಾಚಕರಿಗೆ ಇದು ಹೊಸದಾಗಿ ತೋರದು. ಈ ಕಥೆಗಳನ್ನು ಮೊದಲಾಗಿ ಕಾಗದಕ್ಕೆ ಇಳಿಸಿದವರಲ್ಲಿ ಪ್ರಮುಖನಾದ ಯೋರೋ ಜಾವೋ (1847–1919) ವಾಲೋ ನಾಡಿನ ಉತ್ತಮ ಕುಲದವನು. ಫ್ರೆಂಚರ ಶಾಲೆಯಲ್ಲಿ ಕಲಿತು ಅವರ ಕೈಕೆಳಗೆ ಪ್ರಾಂತದ ಮುಖಂಡನಾಗಿದ್ದವನು. ಆತನ ಟಿಪ್ಪಣಿಗಳನ್ನು ಹೆನ್ರಿ ಗಾದೆನ್ ಎಂಬ ಫ್ರೆಂಚ್ ಅಧಿಕಾರಿಯು 1912ರಲ್ಲಿ ಪ್ರಕಟಿಸಿದನು. ತನ್ನ ನಾಡನ್ನು ಪ್ರೀತಿಸಿ ಆತನು ಮಾಡಿದ ಉಪಕಾರವು ದೊಡ್ಡದು. ಆದರೂ ತನ್ನ ಕುಲದ ಗೌರವ ಒಂದು ಕಡೆ, ಒಡೆಯರ ಅಭಿರುಚಿ ಇನ್ನೊಂದು ಕಡೆ ನಿಂತಿರುವಾಗ ಹೊರಗಿನ ತಂದೆಯ ಭಾಗವು ಕಾಗದದ ಮೇಲೆ ಗಟ್ಟಿಯಾಗಿ ನಿಂತುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಆಗಿಯೂ ಕಥೆಯ ಒಡಲನ್ನು ಗಮನಿಸಿದರೆ ಅದು ಈ ಪಕ್ಷಕ್ಕೆ ನೇರ ವಿರೋಧವಾಗಿ ನಿಂತಿದೆ. ಕೆರೆಯ ದಂಡೆಯಲ್ಲಿ ನಿಂತ ಜನರಿಗೆ ಆ ಅಪರಿಚಿತನ ತಂದೆ ಯಾರೆಂಬುದು ಗೊತ್ತೇ ಇರಲಿಲ್ಲ. ಆತನು ಕುಲವನ್ನು ಹೇಳಿಕೊಳ್ಳಲಿಲ್ಲ, ಮಾತನ್ನೇ ಆಡಲಿಲ್ಲ. ಕೈಯಲ್ಲಿ ಕತ್ತಿಯಿರಲಿಲ್ಲ, ಹಿಂದೆ ಸೇನೆಯಿರಲಿಲ್ಲ. ಅವನಲ್ಲಿ ಜನರು ಕಂಡುದು ಒಂದೇ: ಸಮನಾಗಿ ಹಂಚುವ ಕೈ. ಅದಕ್ಕಾಗಿ ಅವನನ್ನು ಹಿಡಿದು ತಂದು ಅರಸನನ್ನಾಗಿ ಮಾಡಿಕೊಂಡರು. ಬಂದವನು ಜನರನ್ನು ಗೆಲ್ಲಲಿಲ್ಲ; ಜನರೇ ಬಂದವನನ್ನು ಸೆರೆಹಿಡಿದರು. ಹೆಸರನ್ನು ಕೊಟ್ಟವನೂ ಪಕ್ಕದ ನಾಡಿನ ಕರಿಯ ಅರಸನೇ; ಆ ಹೆಸರೂ ಸೆರೇರ್ ನುಡಿಯದು, ಅರಬ್ಬಿಯದಲ್ಲ. ತಂದೆಯಿಟ್ಟ ಹೆಸರು ಬಿದ್ದುಹೋಗಿ ನೆರೆಯವರಿಟ್ಟ ಹೆಸರು ವಂಶದ ಹೆಸರಾಯಿತು. ಸೆನೆಗಾಲಿನಲ್ಲಿ ಇಂದಿಗೂ ಅತ್ಯಂತ ಬಳಕೆಯಲ್ಲಿರುವ ಮನೆತನದ ಹೆಸರುಗಳಲ್ಲಿ ನ್ಜಾಯ್ ಒಂದು.

ಹೊರಗಿನ ಬಲದಿಂದ ಅರಸನಾಗಲು ಹೋದವನ ಗತಿಯೂ ಇದೇ ನಾಡಿನ ಚರಿತ್ರೆಯಲ್ಲಿದೆ. ಅದು ಬರೆದಿಟ್ಟ ಚರಿತ್ರೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ಬೂರ್ಬಾನ ಸೋದರನೂ ಆಡಳಿತದ ಸೂತ್ರವನ್ನು ಹಿಡಿದವನೂ ಆದ ಬೂಮಿ ಜೆಲೇನ್ ಎಂಬವನು ಪೋರ್ತುಗೀಜರ ಸ್ನೇಹವನ್ನು ಬೆಳೆಸಿದನು. ಮನೆತನದೊಳಗೆ ಕಲಹವೆದ್ದು ದೊರೆಯು ಕೊಲ್ಲಲ್ಪಟ್ಟಾಗ ಜೆಲೇನನು ಸೋತು, ಹಡಗು ಹತ್ತಿ ಪೋರ್ತುಗಲಿಗೆ ಹೋದನು. ಎರಡನೆಯ ಜುವಾನ್ ದೊರೆಯು 1488ರಲ್ಲಿ ಅವನನ್ನು ಅರಸುಮರ್ಯಾದೆಯಿಂದ ಎದುರುಗೊಂಡನು. ಅದೇ ವರ್ಷದ ನವೆಂಬರಿನಲ್ಲಿ ಜೆಲೇನನಿಗೆ ಕ್ರೈಸ್ತದೀಕ್ಷೆಯಾಯಿತು. ದೊರೆಯ ಹೆಸರನ್ನೇ ಅವನಿಗೂ ಇಟ್ಟರು. ಪೇರೋ ವಾಜ್ ದ ಕುಞಾ ಎಂಬವನ ನಾಯಕತ್ವದಲ್ಲಿ 20 ಹಡಗುಗಳು ಅವನನ್ನು ಸಿಂಹಾಸನಕ್ಕೇರಿಸಲು, ಸೆನೆಗಾಲ್ ನದೀಮುಖದಲ್ಲಿ ಕೋಟೆಯೊಂದನ್ನು ಕಟ್ಟಲು ಹೊರಟುವು. ಹಡಗುಗಳು ನದೀಮುಖವನ್ನು ಮುಟ್ಟಿದುವು. ಕೋಟೆಯ ಕೆಲಸವು ಮೊದಲಾಯಿತು. ಅಷ್ಟರಲ್ಲಿ ದ್ರೋಹದ ಸಂಶಯವನ್ನು ಮುಂದೊಡ್ಡಿ ಆ ನಾಯಕನೇ ಜೆಲೇನನನ್ನು ಇರಿದು ಕೊಂದನು. ಕೋಟೆಯೂ ಅಲ್ಲಿಗೇ ನಿಂತಿತು. ಪೋರ್ತುಗಲಿನ ರುಯಿ ದ ಪೀನಾ, ಜುವಾನ್ ದ ಬಾರೋಸ್ ಎಂಬ ಆಸ್ಥಾನದ ಚರಿತ್ರಕಾರರಿಬ್ಬರೂ ಇದನ್ನು ಬರೆದಿದ್ದಾರೆ. ಬಾರೋಸನ ಗ್ರಂಥವಾದ ‘ಏಷ್ಯದ ದಶಕಗಳು’ ಕನ್ನಡಿಗರಿಗೆ ಪರಕೀಯವಾದುದಲ್ಲ. ವಿಜಯನಗರದ ಚರಿತ್ರೆಯನ್ನು ಬರೆದವರು ಆಧಾರವಾಗಿ ಹಿಡಿದ ಪೋರ್ತುಗೀಜ್ ಗ್ರಂಥಗಳಲ್ಲಿ ಅದೂ ಒಂದು. ಒಂದೇ ಲೇಖನಿಯು ವಿಜಯನಗರದ ವಿಷಯವಾಗಿ ಬರೆದುದು ಚರಿತ್ರೆಯಾಗುವುದಾದರೆ, ಜೋಲೋಫಿನ ವಿಷಯವಾಗಿ ಬರೆದುದು ಕತ್ತಲೆಯಾಗುವುದು ಹೇಗೆ?

ಮೂರನೆಯ ಪಕ್ಷದವರು ಆಫ್ರಿಕದ ಅಭಿಮಾನಿಗಳು. ಇವರ ಉದ್ದೇಶವು ಶುದ್ಧವಾದುದೆಂಬುದರಿಂದ ಇವರ ವಾದವನ್ನು ಸುಮ್ಮನೆ ಬಿಡಲಾಗದು. ನ್ಜಾಜಾನನು ಇಂಥ ವರ್ಷ ಪಟ್ಟಕ್ಕೆ ಬಂದು ಇಷ್ಟು ವರ್ಷ ಆಳಿದನೆಂದು ಇವರು ಪಟ್ಟಿ ಬರೆಯುತ್ತಾರೆ. ಅವನ ರಾಜ್ಯವನ್ನು ಸಮಾನತೆಯ ಸ್ವರ್ಗವೆಂದು ಕೊಂಡಾಡುತ್ತಾರೆ. ಅರಸರ ಆಳ್ವಿಕೆಯ ವರ್ಷಗಳನ್ನು ಹಿಂದಕ್ಕೆ ಕೂಡಿಸುತ್ತ ಹೋಗಿ ಪಡೆದ ಇಸವಿಗೆ ಕಥೆಯು ಹೊಣೆಯಲ್ಲ. ಸ್ವರ್ಗದ ಮಾತಂತೂ ಸಲ್ಲದು. ವೊಲೋಫ್ ಸಮಾಜದಲ್ಲಿ ಗೇರ್ ಎಂಬ ಸ್ವತಂತ್ರರು ಮೇಲೆ, ಕಮ್ಮಾರರೂ ಚಮ್ಮಾರರೂ ಗಾಯಕರೂ ಸೇರಿದ ನ್ಯೇನ್ಯೋ ಎಂಬ ಕಸಬಿನವರು ಕೆಳಗೆ, ಜಾಮ್ ಎಂಬ ಗುಲಾಮರು ಎಲ್ಲರಿಗಿಂತ ಕೆಳಗೆ. ಈ ತೀರದಲ್ಲಿ ಒಂದು ಕುದುರೆಗೆ ಒಂಬತ್ತರಿಂದ ಹದಿನಾಲ್ಕು ಗುಲಾಮರನ್ನು ಕೊಡುತ್ತಿದ್ದರೆಂದು ಕಾದಾಮೊಸ್ತೋ ಬರೆದಿದ್ದಾನೆ. ಸೌದೆಯನ್ನು ಸಮನಾಗಿ ಹಂಚಿದವನ ಸಂತತಿಯವರು ಮನುಷ್ಯರನ್ನು ಕುದುರೆಗೆ ಮಾರಿದರು. ಇದನ್ನು ಮುಚ್ಚಿಟ್ಟು ಬರೆದ ಚರಿತ್ರೆಯು, ‘ಅಲ್ಲಿ ಏನೂ ಇರಲಿಲ್ಲ’ ಎಂದವರ ಚರಿತ್ರೆಯಷ್ಟೇ ಸುಳ್ಳು. ಒಂದು ಜನಾಂಗವನ್ನು ಗೌರವಿಸುವುದೆಂದರೆ ಅದರ ಪುಣ್ಯದೊಡನೆ ಪಾಪವನ್ನೂ ಲೆಕ್ಕಕ್ಕೆ ಹಿಡಿಯುವುದು. ಪಾಪವಿಲ್ಲದ ಜನವೆಂಬುದು ಗೊಂಬೆಗಳಲ್ಲಿ ಮಾತ್ರ ಉಂಟು.

ಒಕ್ಕೂಟವು ಒಡೆದ ಬಗೆಯೂ ಇದನ್ನೇ ಕಲಿಸುತ್ತದೆ. ಪಡುಗಡಲಿನ ವ್ಯಾಪಾರವು ಬೆಳೆದಂತೆ ಕಡಲ ಮಗ್ಗುಲಲ್ಲಿದ್ದ ಕಯೋರ್ ಮೊದಲಾದ ನಾಡುಗಳಿಗೆ ಕುದುರೆಯೂ ಕಬ್ಬಿಣವೂ ಕೈಗೆ ಬಂದುವು. ಒಳನಾಡಿನ ಜೋಲೋಫಿಗೆ ದಾರಿಯೇ ಮುಚ್ಚುತ್ತ ಬಂದಿತು. ಕಪ್ಪವನ್ನು ಕೊಡುವವನು ತೆಗೆದುಕೊಳ್ಳುವವನಿಗಿಂತ ಬಲಿಷ್ಠನಾದ ಮೇಲೆ ಹಿರಿತನವು ಎಷ್ಟು ದಿನ ನಿಂತೀತು? 1549ರಲ್ಲಿ ಡಂಕಿ ಎಂಬಲ್ಲಿ ಕಯೋರಿನ ಅಮಾರಿ ನ್ಗೋನೇ ಸೋಬೆಲನು ಬೂರ್ಬಾನನ್ನು ಸೋಲಿಸಿದನು. ಬೂರ್ಬಾನು ಕಾಳಗದಲ್ಲಿ ಮಡಿದನು. ಅಲ್ಲಿಂದ ಮುಂದೆ ಕಯೋರ್, ಬವೋಲ್, ವಾಲೋ ತಮ್ಮತಮ್ಮ ದಾರಿ ಹಿಡಿದುವು. ಹಂಚಿಕೆಯ ನ್ಯಾಯದ ಮೇಲೆ ನಿಂತಿತೆಂದು ಕಥೆಯು ಹೇಳುವ ರಾಜ್ಯವು ಹಂಚಿಕೆಯ ತಕ್ಕಡಿ ತಪ್ಪಿದಾಗಲೇ ಬಿದ್ದಿತು. ಮುಂದೆ 1855ರಲ್ಲಿ ಫ್ರೆಂಚ್ ಗವರ್ನರ್ ಫೆದರ್ಬನು ವಾಲೋ ನಾಡನ್ನು ನುಂಗಿದನು. 1890ರಲ್ಲಿ ಫ್ರೆಂಚ್ ಸೇನೆಯು ಯಾಂಗ್-ಯಾಂಗ್ ರಾಜಧಾನಿಯನ್ನು ಮುಟ್ಟಿದಾಗ ಬೂರ್ಬಾ ಆಲ್ಬೂರಿ ನ್ಜಾಯನು ಶರಣಾಗದೆ ಪೂರ್ವಕ್ಕೆ ಹೊರಟುಹೋದನು. 1960ರಲ್ಲಿ ಸೆನೆಗಾಲ್ ಸ್ವತಂತ್ರವಾಯಿತು. ಹುಟ್ಟು, ಏಳಿಗೆ, ಒಳಜಗಳ, ಒಡಕು, ಪರಾಧೀನತೆ, ಬಿಡುಗಡೆ: ಚಲನೆಯೂ ಬೆಳವಣಿಗೆಯೂ ಇಲ್ಲವೆಂದು 1837ರ ಗ್ರಂಥವು ಹೇಳಿದ ಖಂಡದ ಒಂದು ಮೂಲೆಯ ವೃತ್ತಾಂತವಿದು.

ಆದುದರಿಂದ ನ್ಜಾಜಾನನು ಇದ್ದನೋ ಇಲ್ಲವೋ ಎಂಬೊಂದೇ ಪ್ರಶ್ನೆಯನ್ನು ಹಿಡಿದು ಕಾದಾಡುವುದರಿಂದ ಫಲವಿಲ್ಲ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಿರಬಹುದು. ಹಲವು ಅರಸರ ಕೆಲಸವು ಒಬ್ಬನ ಹೆಸರಿನಲ್ಲಿ ಗಂಟು ಬಿದ್ದಿರಬಹುದು. ಅರಸುತನವು ಯಾತರ ಮೇಲೆ ನಿಲ್ಲಬೇಕೆಂದು ಆ ಜನರು ನಂಬಿದ್ದರೋ ಅದಕ್ಕೆ ಈ ಕಥೆಯು ಕದಲದ ಸಾಕ್ಷ್ಯ. ರಕ್ತದ ಮೇಲಲ್ಲ, ಕತ್ತಿಯ ಮೇಲಲ್ಲ, ಜಗಳವನ್ನು ನಿಲ್ಲಿಸಿ ಸಮಪಾಲು ಹಂಚುವ ಶಕ್ತಿಯ ಮೇಲೆ, ಆ ಶಕ್ತಿಯನ್ನು ಕಂಡು ಒಪ್ಪುವ ಜನರ ಮೇಲೆ. ನಂಬಿದಂತೆ ಅವರು ಯಾವಾಗಲೂ ನಡೆದರೆಂದಲ್ಲ. ಯಾವ ಜನಾಂಗ ನಡೆದಿದೆ? ಆದರೆ ಅಂಥ ಅಳತೆಗೋಲನ್ನು ಕಥೆಯೊಳಗೆ ಇಟ್ಟು, ತಲೆಮಾರಿನಿಂದ ತಲೆಮಾರಿಗೆ ದಾಟಿಸಿ, ಅರಸರ ಎದುರಿಗೆ ಅರಸರ ಗಾಯಕರಿಂದಲೇ ಹಾಡಿಸಿದರು.

ಯುನೆಸ್ಕೊ ಸಂಸ್ಥೆಯು 1964ರಲ್ಲಿ ಕೈಗೊಂಡ ಆಫ್ರಿಕದ ಸಾಮಾನ್ಯ ಚರಿತ್ರೆಯು ಎಂಟು ದೊಡ್ಡ ಸಂಪುಟಗಳಾಗಿ ಹೊರಬಂದಿತು. ಅದರ ಸಂಪಾದಕರಲ್ಲಿಯೂ ಲೇಖಕರಲ್ಲಿಯೂ ಆಫ್ರಿಕದವರು ಬಹುಮಂದಿ. ಬಾಯಿಮಾತಿನ ಸಾಕ್ಷ್ಯಕ್ಕೆ ಅದರಲ್ಲಿ ಶಾಸ್ತ್ರೀಯವಾದ ಸ್ಥಾನವುಂಟು. ಇನ್ನು ಮೇಲೆ ಆಫ್ರಿಕವನ್ನು ಕುರಿತು ಕನ್ನಡದಲ್ಲಿ ಬರೆಯುವವರಿಗೆ ‘ಆಧಾರಗಳಿಲ್ಲ’ ಎಂಬ ನೆವವಿಲ್ಲ. ಮಕ್ಕಳ ಚರಿತ್ರೆಯ ಪುಸ್ತಕಗಳಲ್ಲಿ ಆ ಖಂಡವು ಐರೋಪ್ಯರ ಹಡಗು ತೀರ ಮುಟ್ಟಿದ ದಿನ ಹುಟ್ಟಿ, ಅವರು ಹೊರಟ ದಿನ ಮರೆಯಾಗುವ ಕ್ರಮವು ನಿಲ್ಲಬೇಕು. ಅಲ್ಲಿ ಕೋಟೆ ಕಟ್ಟಲು ಬಂದವನ ಹೆಸರಿರುವಲ್ಲಿ, ಅದಕ್ಕೂ ಮುನ್ನ ಕೆರೆಯ ದಂಡೆಯಲ್ಲಿ ಸೌದೆ ಹಂಚಿದವನ ಹೆಸರೂ ಇರಬೇಕು. ಕಥೆಯನ್ನು ಕಥೆಯೆಂದೇ ಹೇಳಲಿ, ಆದರೆ ಹೇಳಲಿ.